ಜಕ್ಕೂರಿನ ರನ್‌ವೇಯಲ್ಲಿ ಎನ್‌ಸಿಸಿ ಕೆಡೆಟ್‌ಗಳು

1948ರಲ್ಲಿ ಪಂಡಿತ್ ಹೃದಯನಾಥ ಕುಂಜ್ರು ಸಮಿತಿಯ ಶಿಫಾರಸಿನಂತೆ ದೆಹಲಿಯಲ್ಲಿ ಎನ್‌ಸಿಸಿ ಕಾಯ್ದೆ ಬಂತು. ಅದೇ ವರ್ಷ ಬೆಂಗಳೂರಿನ ಉತ್ತರಕ್ಕಿರುವ ಜಕ್ಕೂರಿನಲ್ಲಿ ಮಹಾರಾಜ ಜಯಚಾಮರಾಜೇಂದ್ರ ಒಡೆಯರು ವಿಮಾನ ತರಬೇತಿಗೆಂದು 200 ಎಕರೆಗೂ ಮಿಕ್ಕ ಭೂಮಿ ಕೊಟ್ಟರು. ಎರಡು ವರ್ಷಗಳ ಬಳಿಕ, 1950ರ ಏಪ್ರಿಲ್ 1ರಂದು, ಬೊಂಬಾಯಿ ಮತ್ತು ಕಲ್ಕತ್ತಗಳಲ್ಲಿ ಎನ್‌ಸಿಸಿಯ ವಾಯು ವಿಭಾಗ ಹುಟ್ಟಿತು. ಮುಂದೆ ನಮ್ಮ ರಾಜ್ಯದ ಏರ್ ಸ್ಕ್ವಾಡ್ರನ್ ನೆಲೆಯೂರಿದ್ದು ಜಕ್ಕೂರಿನಲ್ಲೇ, ಸರ್ಕಾರಿ ವಿಮಾನ ತರಬೇತಿ ಶಾಲೆಯ ಮಗ್ಗುಲಲ್ಲಿ.

ಈ ನೆರೆಹೊರೆಯ ಬೆಲೆ ದೊಡ್ಡದು. ಅದಕ್ಕೂ ಮೊದಲು ನಮ್ಮ ದೇಶದಲ್ಲಿ ಹಾರಾಟವೆಂದರೆ ಉಳ್ಳವರ ಕ್ಲಬ್ಬು. 1929ರಲ್ಲಿ ದೇಶದ ಮೊದಲ ಪೈಲಟ್ ಲೈಸೆನ್ಸ್ ಪಡೆದ ಜೆ.ಆರ್.ಡಿ. ಟಾಟಾ ಕಲಿತದ್ದೂ ಬೊಂಬಾಯಿಯ ಫ್ಲೈಯಿಂಗ್ ಕ್ಲಬ್ಬಿನಲ್ಲಿ. ಕಮರ್ಷಿಯಲ್ ಲೈಸೆನ್ಸಿಗೆ ಇಂದಿಗೂ 200 ಗಂಟೆಗಳ ಹಾರಾಟ ಬೇಕು. ಅದರ ಖರ್ಚು ಕೇಳಿದರೆ ಮಧ್ಯಮ ವರ್ಗದ ತಂದೆತಾಯಿಯೂ ಹಿಂಜರಿಯುತ್ತಾರೆ. ಖಾಕಿ ಬದಲು ನೀಲಿ ಸಮವಸ್ತ್ರ ತೊಟ್ಟ ಕಾಲೇಜು ಹುಡುಗಿಗೋ ಹುಡುಗನಿಗೋ, ಕೈಯಿಂದ ಕಾಸು ಬಿಚ್ಚದೆ, ಬೋಧಕರ ಪಕ್ಕದ ಸೀಟಿನಲ್ಲಿ ಕೂತು ಸ್ಟಿಕ್ ಹಿಡಿಯುವ ಭಾಗ್ಯ ಕೊಟ್ಟದ್ದು ಎನ್‌ಸಿಸಿ. ನನ್ನ ಮಟ್ಟಿಗೆ ಈ ಸಂಸ್ಥೆಯ ಅತಿ ದೊಡ್ಡ ಸಾಧನೆ ಇದೇ.

ವಿಮಾನಗಳ ಮಾತು ಬಂದರೆ ಪುಷ್ಪಕ್ ಬಿಟ್ಟು ಮುಂದೆ ಹೋಗಲಾಗದು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗಿ 1958ರಲ್ಲಿ ಮೊದಲ ಸಲ ಹಾರಿದ ಈ ಎರಡು ಸೀಟಿನ ವಿಮಾನಕ್ಕೆ ಉಕ್ಕಿನ ಕೊಳವೆಗಳ ಚೌಕಟ್ಟು, ಮೇಲೆ ಬಟ್ಟೆಯ ಹೊದಿಕೆ, 90 ಅಶ್ವಶಕ್ತಿಯ ಎಂಜಿನ್. ದೇಶದ ಫ್ಲೈಯಿಂಗ್ ಕ್ಲಬ್ಬುಗಳಿಗೆಂದೇ ಕಟ್ಟಿದ ವಿಮಾನವದು. ನಮ್ಮ ಊರಿನ ಕೆಲಸಗಾರರ ಕೈಯಲ್ಲಿ ರೂಪುಗೊಂಡು ದೇಶದ ಎಷ್ಟೋ ಮಂದಿಗೆ ಹಾರಲು ಕಲಿಸಿದ ಅದನ್ನು ನಾವು ಇನ್ನಷ್ಟು ಹೆಮ್ಮೆಯಿಂದ ನೆನೆಯಬೇಕಿತ್ತು. ಎನ್‌ಸಿಸಿಗೆ ಆಮೇಲೆ ಝೆನ್ ಏರ್ ಮೈಕ್ರೋಲೈಟ್‌ಗಳು ಬಂದವು, ಅವುಗಳ ನಂತರ ಸ್ಲೊವೇನಿಯಾದ ಪಿಪಿಸ್ಟ್ರೆಲ್ ವೈರಸ್. 80 ಅಶ್ವಶಕ್ತಿಯ ಆ ವಿಮಾನದಲ್ಲಿ, ಆಪತ್ತು ಬಂದರೆ ಇಡೀ ವಿಮಾನವನ್ನೇ ಇಳಿಸಬಲ್ಲ ಪ್ಯಾರಾಚೂಟ್ ಇದೆ.

ಕೆಡೆಟ್‌ಗಳೆಲ್ಲ ಪೈಲಟ್ ಆಗುವುದಿಲ್ಲ, ಆಗಬೇಕಿಲ್ಲ. ಏರೋಮಾಡೆಲಿಂಗ್‌ನಲ್ಲಿ ಬಾಲ್ಸಾ ಕಟ್ಟಿಗೆಯ ರೆಕ್ಕೆಯನ್ನು ಉಜ್ಜಿ ಉಜ್ಜಿ ನಯಗೊಳಿಸಿದ ಮಕ್ಕಳು ಎಂಜಿನಿಯರುಗಳಾದರೂ ಸಂತೋಷವೇ. ಹಾರಲೇಬೇಕೆನ್ನುವವರಿಗೆ ‘ಸಿ’ ಸರ್ಟಿಫಿಕೇಟು ವಾಯುಪಡೆಯ ಬಾಗಿಲು ತೆರೆಯುತ್ತದೆ. ಎನ್‌ಸಿಸಿ ವಿಶೇಷ ಪ್ರವೇಶದಡಿ ಫ್ಲೈಯಿಂಗ್ ಬ್ರಾಂಚಿನಲ್ಲಿ ನೂರಕ್ಕೆ 10 ಜಾಗಗಳು ಅವರಿಗೆ ಮೀಸಲು.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಇಲ್ಲಿನ ತೆಳು ಗಾಳಿಯಲ್ಲಿ ಎಂಜಿನ್ನಿನ ಬಲ ತಗ್ಗುತ್ತದೆ, ಚಿಕ್ಕ ವಿಮಾನವೂ ಮೇಲೇಳಲು ಹೆಚ್ಚು ದೂರ ಓಡಬೇಕಾಗುತ್ತದೆ. ಬಳ್ಳಾರಿ ರಸ್ತೆಯ ಮೇಲ್ಸೇತುವೆ, ಸುತ್ತ ಏಳುತ್ತಿರುವ ಕಟ್ಟಡಗಳ ನಡುವೆ ಜಕ್ಕೂರಿನ ರನ್‌ವೇಯ ಒಂದೊಂದು ಅಡಿಯನ್ನೂ ಕಾಯಬೇಕಾದದ್ದು ಇದಕ್ಕಾಗಿ. ಮಹಾರಾಜರು ಕಲಿಕೆಗೆಂದು ಕೊಟ್ಟ ನೆಲ ಕಲಿಕೆಗೇ ಉಳಿಯಲಿ. ಇಲ್ಲಿ ಹಾರಿದ ಹಳೆಯ ಕೆಡೆಟ್‌ಗಳು ತಮ್ಮ ಲಾಗ್‌ಬುಕ್ಕು, ಶಿಬಿರದ ಫೋಟೋಗಳನ್ನು ಅಟ್ಟದಿಂದ ಇಳಿಸಿ, ಪ್ರತಿ ಮಾಡಿಸಿ ಸ್ಕ್ವಾಡ್ರನ್ನಿಗೆ ತಲುಪಿಸಬೇಕೆಂದು ಕೋರುತ್ತೇನೆ.