ಅಮ್ಮನ ಮಣಿಕಟ್ಟು ಮತ್ತು 1948

ನೈಟ್ ಡ್ಯೂಟಿ ಮುಗಿಸಿ ಮುಐದರ್‌ನ ರೂಮಿಗೆ ಬಂದವಳೇ ಊರಿಗೆ ವಿಡಿಯೋ ಕಾಲ್ ಮಾಡಿದೆ. ಅಮ್ಮ ಫೋನನ್ನು ಒಂದು ಕೈಯಲ್ಲಿ ಹಿಡಿಯುವುದಿಲ್ಲ. ಎರಡೂ ಅಂಗೈಗಳ ನಡುವೆ ಒತ್ತಿ ಇಟ್ಟುಕೊಳ್ಳುತ್ತಾರೆ, ಮಣಿಕಟ್ಟು ತಿರುಗುವುದಿಲ್ಲವಲ್ಲ. ಇವತ್ತಿನ ಬರಹ ಆ ಮಣಿಕಟ್ಟಿನ ಬಗ್ಗೆ.

ಅಮ್ಮ ಬಂಟ್ವಾಳದ ಕಡೆ ಬೀಡಿ ಕಟ್ಟುತ್ತಿದ್ದವರು. 1996ರಲ್ಲಿ ಬೆಳಿಗ್ಗೆ ಎದ್ದರೆ ಕೈ ಬಿಗಿ, ಮಣಿಕಟ್ಟಿನಲ್ಲಿ ಬಾವು. ಬೀಡಿ ಕಟ್ಟಿ ಕಟ್ಟಿ ಹೀಗಾಯ್ತು ಅಂದರು ಎಲ್ಲರೂ. ಸಿಕ್ಕಿದ್ದು ನೋವಿನ ಮಾತ್ರೆ, ಸ್ಟಿರಾಯ್ಡ್ ಮತ್ತು ಎಣ್ಣೆ.

ರುಮಟಾಯ್ಡ್ ಆರ್ಥ್ರೈಟಿಸ್ ಹೊಸ ಕಾಯಿಲೆ ಏನಲ್ಲ. ಇದನ್ನು ಹೋಲುವ ಆಮವಾತದ ವಿವರಣೆ ಮಾಧವನಿದಾನದಲ್ಲೇ ಇದೆ. 1800ರಲ್ಲಿ ಪ್ಯಾರಿಸ್‌ನ ಲಾಂದ್ರೆ-ಬೋವೆ ಒಂಬತ್ತು ಹೆಂಗಸರನ್ನು ನೋಡಿ, ಇದು ಮಾಮೂಲಿ ಗೌಟ್ ಅಲ್ಲ ಎಂದು ಬರೆದರು. 1859ರಲ್ಲಿ ಲಂಡನ್ನಿನ ಗ್ಯಾರಡ್ ಈಗಿನ ಹೆಸರು ಕೊಟ್ಟರು.

ನನಗೆ ಮುಖ್ಯ ಅನಿಸುವುದು 1948. ಆ ವರ್ಷ ಇಂಗ್ಲೆಂಡಿನ ಸರ್ಜನ್ ವಾನ್-ಜಾಕ್ಸನ್ ಇಬ್ಬರು ರೋಗಿಗಳ ಬಗ್ಗೆ ಬರೆದರು: ಮಣಿಕಟ್ಟಿನ ಒರಟು ಮೂಳೆಗೆ ಉಜ್ಜಿ ಉಜ್ಜಿ ಬೆರಳೆತ್ತುವ ಸ್ನಾಯುರಜ್ಜು ತುಂಡಾಗಿತ್ತು. ಅವರಿಗೆ ಇದ್ದದ್ದು ಸವೆತದ ಆರ್ಥ್ರೈಟಿಸ್, ಆದರೆ ನಮ್ಮ ಕಾಯಿಲೆಯಲ್ಲೂ ಆಗುವುದು ಅದೇ. ಕೀಲಿನ ಒಳಪೊರೆ ಊದಿ ಮೃದ್ವಸ್ಥಿಯನ್ನೂ ಮೂಳೆಯನ್ನೂ ತಿನ್ನುತ್ತದೆ. ಕಟ್ಟುಗಳು ಸಡಿಲವಾಗಿ, ಕಿರುಬೆರಳ ಕಡೆಯ ಅಲ್ನಾ ಮೂಳೆಯ ತುದಿ ಗುಬ್ಬಿಯ ಹಾಗೆ ಮೇಲೇಳುತ್ತದೆ. ಹಗ್ಗ ಬಾವಿಕಟ್ಟೆಗೆ ಉಜ್ಜಿದಂತೆ ರಜ್ಜು ಸವೆದು, ಒಂದು ದಿನ ನೋವೇ ಇಲ್ಲದೆ ಕಿರುಬೆರಳು ಜೋತು ಬೀಳುತ್ತದೆ, ಆಮೇಲೆ ಉಂಗುರ ಬೆರಳು. ವರ್ಷಗಳು ಕಳೆದಂತೆ ಮಣಿಕಟ್ಟಿನ ಸಣ್ಣ ಮೂಳೆಗಳು ಒಂದಕ್ಕೊಂದು ಬೆಸೆದುಕೊಳ್ಳಲೂಬಹುದು. ಆಗ ನೋವು ಕಡಿಮೆ, ಕೈ ಮಾತ್ರ ಹಲಗೆ.

ಅದೇ 1948ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಹೆಂಚ್ ತಂಡ ಒಬ್ಬ ಮಹಿಳೆಗೆ ಮೊದಲ ಸಲ ಕಾರ್ಟಿಸೋನ್ ಕೊಟ್ಟಿತು. ನಡೆಯಲಾಗದವಳು ಕೆಲವೇ ದಿನಗಳಲ್ಲಿ ನಡೆದಳು. 1950ರಲ್ಲಿ ನೊಬೆಲ್ ಬಂತು. ಅದರ ಅಡ್ಡ ಪರಿಣಾಮಗಳು ಆಮೇಲೆ ಗೊತ್ತಾದವು.

ಅದಕ್ಕೂ ಒಂದು ತಿಂಗಳು ಮೊದಲು, ಆಗಸ್ಟಿನಲ್ಲಿ, ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಮೆಥೋಟ್ರೆಕ್ಸೇಟ್ ರೂಪುಗೊಂಡದ್ದು ಲೆಡರ್ಲೆ ಕಂಪನಿಯಲ್ಲಿ ಅವರು ನಡೆಸುತ್ತಿದ್ದ ಪ್ರಯೋಗಾಲಯದಿಂದ. ಕ್ಯಾನ್ಸರಿಗೆಂದು ಬಂದ ಆ ಔಷಧಿಗೆ ಈ ಕಾಯಿಲೆಗೂ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1988ರಲ್ಲಿ. ಮೂಳೆ ತಿನ್ನುವುದನ್ನೇ ನಿಧಾನಿಸುವ ಮದ್ದು, ಅದೂ ಅಗ್ಗದ್ದು.

ಲೆಕ್ಕ ಹಾಕಿ. ಅಮ್ಮನ ಕೈ ಊದುವ ಎಂಟು ವರ್ಷ ಮೊದಲೇ ಇದು ಒಪ್ಪಿತ ಮದ್ದಾಗಿತ್ತು, ಪಕ್ಕದ ಆಂಧ್ರದವರು ಕೈಯಾಡಿಸಿದ ಮದ್ದು. ನಮ್ಮ ಮನೆಗೆ ಬಂದದ್ದು 2009ರಲ್ಲಿ. ಬಿಎಸ್‌ಸಿ ನರ್ಸಿಂಗ್ ಎರಡನೇ ವರ್ಷದಲ್ಲಿ ಪುಸ್ತಕದ ಚಿತ್ರ ನೋಡಿ, ಇದು ಅಮ್ಮನದೇ ಕೈಯಲ್ಲವಾ ಅಂತ ಹೊಳೆಯಿತು. ಅಷ್ಟರಲ್ಲಿ ಬಲಗೈಯ ಎರಡು ಬೆರಳು ಬಿದ್ದಾಗಿತ್ತು. ಹದಿಮೂರು ವರ್ಷ ಒಂದೇ ಮನೆಯಲ್ಲಿ ಉಂಡವಳಿಗೂ ಕಂಡಿರಲಿಲ್ಲ.

ಒಂದು ಮಾತು: ಈ ಕಾಯಿಲೆಗೆ ಆ ಮಾತ್ರೆ ವಾರಕ್ಕೆ ಒಂದೇ ದಿನ. ಮರೆತು ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಆಗಾಗ ರಕ್ತ ಪರೀಕ್ಷೆಯೂ ಬೇಕು. ಅಮ್ಮನದು ಭಾನುವಾರ. ನೆನಪಿಸೋಣ ಅಂತಲೇ ಇವತ್ತು ಕಾಲ್ ಮಾಡಿದ್ದು, ಆಗಲೇ ನುಂಗಿದ್ದರು. ಡಬ್ಬಿಯ ಮುಚ್ಚಳ ಮಾತ್ರ ಈಗಲೂ ಅಪ್ಪನೇ ತೆಗೆದುಕೊಡಬೇಕು.