ಕಾವಲಿಲ್ಲದ ಗಲ್ಲಾಪೆಟ್ಟಿಗೆ: ಕಾರು ತೊಳೆಯುವ ತಾಣಗಳ ಮಾರಾಟ ಯಂತ್ರಗಳ ಭದ್ರತೆ

ಸ್ವಯಂಸೇವಾ ಕಾರು ತೊಳೆಯುವ ತಾಣಗಳಲ್ಲಿ ಒರೆಸುವ ಬಟ್ಟೆ, ಡ್ಯಾಶ್‌ಬೋರ್ಡಿಗೆ ಹೊಳಪು ಕೊಡುವ ಸ್ಪಂಜು, ಕಾರಿನೊಳಗೆ ತೂಗುಹಾಕುವ ಸುಗಂಧದ ಹಾಳೆಗಳಂಥ ಸಣ್ಣ ಸಾಮಾನನ್ನು ಮಾರಾಟ ಯಂತ್ರಗಳು ಒದಗಿಸುತ್ತವೆ. ತಾಣ ಹಗಲಿರುಳು ತೆರೆದಿರುತ್ತದೆ, ನೋಡಿಕೊಳ್ಳುವವರು ಬಹುಪಾಲು ಹೊತ್ತು ಇರುವುದಿಲ್ಲ, ಸುತ್ತಲೂ ನೀರು ಮತ್ತು ಸೋಪಿನ ನೊರೆ. ಹಾಗಾಗಿ ಈ ಯಂತ್ರಗಳು ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಬೆಳೆದಿವೆ: ಹಾಕಿದ ಹಣ ಅಸಲಿಯೇ? ಒಳಗೆ ಬಿದ್ದ ಹಣ ಒಡೆಯನ ಕೈಸೇರುತ್ತದೆಯೇ?

ಮೊದಲನೆಯ ಪ್ರಶ್ನೆ ಬಹಳ ಹಳೆಯದು. ಕ್ರಿ.ಶ. 1ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಹೀರೋ ವಿವರಿಸಿದ ದೇಗುಲದ ಯಂತ್ರದಲ್ಲಿ ನಾಣ್ಯದ ಭಾರಕ್ಕೆ ಸನ್ನೆ ವಾಲಿ ಪವಿತ್ರ ಜಲ ಹರಿಯುತ್ತಿತ್ತು. ನಾಣ್ಯ ಜಾರಿಬಿದ್ದೊಡನೆ ನಿಲ್ಲುತ್ತಿತ್ತು. ಅಷ್ಟೇ ಭಾರದ ಬೇರೊಂದು ಬಿಲ್ಲೆಗೂ ಅದು ಮೋಸ ಹೋಗಬಹುದಿತ್ತು. 1883ರಲ್ಲಿ ಲಂಡನ್ನಿನಲ್ಲಿ ಪರ್ಸಿವಲ್ ಎವೆರಿಟ್‌ನ ಅಂಚೆಕಾರ್ಡಿನ ಯಂತ್ರ, 1888ರಲ್ಲಿ ನ್ಯೂಯಾರ್ಕಿನ ರೈಲು ನಿಲ್ದಾಣಗಳಲ್ಲಿ ಚೂಯಿಂಗ್ ಗಮ್ ಯಂತ್ರ ಬಂದವು. ಇಂಥ ಯಂತ್ರಗಳು ಹೆಚ್ಚಿದಂತೆ ಖೋಟಾ ಬಿಲ್ಲೆ, ವಾಷರ್, ದಾರ ಕಟ್ಟಿ ಮತ್ತೆ ಮೇಲೆಳೆಯುವ ನಾಣ್ಯಗಳೂ ಹೆಚ್ಚಿದವು. ಅದಕ್ಕೆ ಪ್ರತಿಯಾಗಿ ನಾಣ್ಯದ ಅಗಲ, ದಪ್ಪ, ತೂಕಗಳನ್ನು ಪರೀಕ್ಷಿಸುವ ಏರ್ಪಾಡು ಬಂತು. ಅಯಸ್ಕಾಂತವು ಕಬ್ಬಿಣದ ಬಿಲ್ಲೆಯನ್ನು ಹಿಡಿದಿಡುತ್ತದೆ. ಉಳಿದ ಲೋಹಗಳು ಅದರ ಎದುರು ಉರುಳುವಾಗ ಅವುಗಳಲ್ಲಿ ಹುಟ್ಟುವ ಸುಳಿವಿದ್ಯುತ್ತು ಆಯಾ ಲೋಹಕ್ಕೆ ತಕ್ಕಷ್ಟು ವೇಗ ತಗ್ಗಿಸುತ್ತದೆ. ಈ ಪರೀಕ್ಷೆ ಎಷ್ಟು ಬೇರೂರಿತ್ತೆಂದರೆ, 1965ರಲ್ಲಿ ಅಮೆರಿಕ 25 ಸೆಂಟಿನ ನಾಣ್ಯದಿಂದ ಬೆಳ್ಳಿಯನ್ನು ಕೈಬಿಟ್ಟಾಗ, ಬಳಕೆಯಲ್ಲಿದ್ದ ಯಂತ್ರಗಳು ಒಪ್ಪಿಕೊಳ್ಳುವಂಥ ತಾಮ್ರ-ನಿಕಲ್ ಪದರಗಳ ಲೋಹವನ್ನೇ ಆರಿಸಿಕೊಂಡಿತು.

ನಾಣ್ಯ ಹಾಕಿ ಕಾರು ತೊಳೆದುಕೊಳ್ಳುವ ತಾಣಗಳು ಅಮೆರಿಕದಲ್ಲಿ ಹರಡಿದ್ದು ಅದೇ 1960ರ ದಶಕದಲ್ಲಿ. ಜೂಲಿಯಸ್ ಸಮಾನ್ 1952ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ರೂಪಿಸಿದ ಮರದಾಕಾರದ ಸುಗಂಧದ ಹಾಳೆಯಂಥ ಹಗುರ ಸರಕು ಇಲ್ಲಿನ ಮಾರಾಟಕ್ಕೆ ಹೇಳಿ ಮಾಡಿಸಿದಂತಿತ್ತು. ಹಿಡಿ ಎಳೆದರೆ ಸಾಮಾನು ಬೀಳುವ ಯಾಂತ್ರಿಕ ಮಾದರಿಗೆ ವಿದ್ಯುತ್ತೇ ಬೇಕಿರಲಿಲ್ಲ. ತೇವದ ಜಾಗದಲ್ಲಿ ಅದು ದೊಡ್ಡ ಅನುಕೂಲ.

ಎರಡನೆಯ ಪ್ರಶ್ನೆ ಇಲ್ಲಿ ತೀವ್ರವಾಯಿತು. ರಾತ್ರಿ ಹೊತ್ತು ಹಾರೆಯಿಂದ ಮೀಟಲು, ಡ್ರಿಲ್ಲಿನಿಂದ ಕೊರೆಯಲು ಕಳ್ಳನಿಗೆ ಬೇಕಾದಷ್ಟು ಸಮಯವಿರುತ್ತದೆ. ಆದ್ದರಿಂದ ಯಂತ್ರವನ್ನು ಗೋಡೆಯೊಳಗೆ ಹುದುಗಿಸಿ, ಸರಕು ತುಂಬುವುದನ್ನೂ ಹಣ ತೆಗೆಯುವುದನ್ನೂ ಬೀಗ ಹಾಕಿದ ಹಿಂಬದಿ ಕೋಣೆಯಿಂದಲೇ ಮಾಡುವ ಪದ್ಧತಿ ಬಂತು. ತುಕ್ಕು ಹಿಡಿಯದ ದಪ್ಪ ಉಕ್ಕಿನ ಮುಖ, ಹಾರೆಯ ತುದಿ ತೂರದಂತೆ ಒಂದರ ಮೇಲೊಂದು ಕೂರುವ ಬಾಗಿಲಂಚು, ಗಾಜಿನ ಬದಲು ಪಾಲಿಕಾರ್ಬೊನೇಟ್, ನಾಣ್ಯವನ್ನು ಕೊಳವೆಯ ಮೂಲಕ ಕಾಂಕ್ರೀಟಿಗೆ ಬಿಗಿದ ತಿಜೋರಿಗೆ ಇಳಿಸುವ ವ್ಯವಸ್ಥೆ ಇದರ ಮುಂದುವರಿಕೆ.

ಬೀಗವೂ ಬದಲಾಯಿತು. ಮಾರಾಟ ಯಂತ್ರಗಳಲ್ಲಿ ಬಹುಕಾಲ ನೆಚ್ಚಿಕೊಂಡಿದ್ದು ಕೊಳವೆಯಾಕಾರದ ಕೀಲಿಯ ಬೀಗವನ್ನು. 2004ರಲ್ಲಿ ಸೈಕಲ್ಲುಗಳ ಅಂಥದೇ ಬೀಗಗಳು ಬಾಲ್‌ಪೆನ್ನಿನ ಪ್ಲಾಸ್ಟಿಕ್ ಕೊಳವೆಯಿಂದ ತೆರೆದುಕೊಂಡಾಗ ಆ ವಿನ್ಯಾಸದ ದೌರ್ಬಲ್ಯ ಜಗಜ್ಜಾಹೀರಾಯಿತು. ಫಿನ್ಲೆಂಡಿನ ಎಮಿಲ್ ಹೆನ್ರಿಕ್ಸನ್ 1907ರಲ್ಲಿ ಕಂಡುಹಿಡಿದ ತಿರುಗುಬಿಲ್ಲೆಗಳ ಬೀಗ ಇದಕ್ಕಿಂತ ಗಟ್ಟಿ. ನಕಲು ಕೀಲಿ ಸುಲಭವಾಗಿ ಸಿಗದಂತೆ ನೋಡಿಕೊಳ್ಳುವುದೂ ಬೀಗದಷ್ಟೇ ಮುಖ್ಯ.

ಎಲೆಕ್ಟ್ರಾನಿಕ್ ಸಂವೇದಕಗಳು ಬಂದ ಮೇಲೆ ನಾಣ್ಯದ ಲೋಹ, ನೋಟಿನ ಮುದ್ರಣ ಮತ್ತು ಶಾಯಿಯ ಕಾಂತಗುಣ ಕ್ಷಣದಲ್ಲಿ ತಿಳಿಯತೊಡಗಿದವು. ಆದರೆ ನೋಟು ಪಡೆದು ನಾಣ್ಯ ಕೊಡುವ, ನೋಟು ತುಂಬಿದ ಚಿಲ್ಲರೆ ಯಂತ್ರವೇ ಕಳ್ಳರ ಮುಖ್ಯ ಗುರಿಯಾಯಿತು. ಆ ತಾಣದಲ್ಲಿ ಮಾತ್ರ ನಡೆಯುವ ಟೋಕನ್ನು, ಕ್ಯಾಮೆರಾ, ಎಚ್ಚರಿಕೆ ಗಂಟೆಗಳು ಜೊತೆಗೂಡಿದವು. ಪ್ರತಿ ಮಾರಾಟವೂ ಯಂತ್ರದ ನೆನಪಿನಲ್ಲಿ ದಾಖಲಾಗುವುದರಿಂದ ಹಣ ತೆಗೆಯುವ ಸಿಬ್ಬಂದಿಯ ಲೆಕ್ಕವನ್ನೂ ತಾಳೆ ನೋಡಬಹುದಾಯಿತು.

ಕಾರ್ಡು, ಮೊಬೈಲ್ ಪಾವತಿಗಳು ಪೆಟ್ಟಿಗೆಯಲ್ಲಿನ ನಗದನ್ನು ತಗ್ಗಿಸಿದವಾದರೂ ಕಾರ್ಡಿನ ಮಾಹಿತಿ ಕದಿಯುವ ಹೊಸ ಅಪಾಯವನ್ನು ತಂದವು. 2004ರಲ್ಲಿ ಕಾರ್ಡು ಕಂಪನಿಗಳು ಒಟ್ಟಾಗಿ ಈ ಮಾಹಿತಿಯ ರಕ್ಷಣೆಗೆ ಪಿಸಿಐ ಎಂಬ ಭದ್ರತಾ ಮಾನದಂಡ ರೂಪಿಸಿದವು. 2015ರ ಅಕ್ಟೋಬರಿನಿಂದ ಅಮೆರಿಕದ ಅಂಗಡಿಗಳಲ್ಲಿ, ಚಿಪ್ ಕಾರ್ಡು ಓದಲಾರದ ಯಂತ್ರದಲ್ಲಿ ನಕಲಿ ಕಾರ್ಡು ಬಳಕೆಯಾದರೆ ನಷ್ಟದ ಹೊಣೆ ಸಾಮಾನ್ಯವಾಗಿ ವ್ಯಾಪಾರಿಯ ಕಡೆಗೆ ಸರಿಯಿತು. ನಾಣ್ಯ, ನೋಟುಗಳೂ ಚಲಾವಣೆಯಲ್ಲಿರುವುದರಿಂದ ಇಂದಿನ ಯಂತ್ರಕ್ಕೆ ಉಕ್ಕಿನ ಬಾಗಿಲು, ಗಟ್ಟಿ ಬೀಗ, ಕಾರ್ಡಿನ ಮಾಹಿತಿಗೆ ಗೂಢಲಿಪೀಕರಣ ಮೂರೂ ಬೇಕು.