ಅಲ್ಪಾವಧಿ ಬಾಡಿಗೆ: ಪೇಔಟ್ ಮತ್ತು ಹೆಚ್ಚುವರಿ ಅತಿಥಿ ಶುಲ್ಕ

ಮನೆ ಅಥವಾ ಫ್ಲ್ಯಾಟನ್ನು ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಮಾಲೀಕರಿಗೆ (ಹೋಸ್ಟ್) ಬುಕಿಂಗ್ ವೇದಿಕೆಯು ತನ್ನ ಶುಲ್ಕ ಮತ್ತು ತೆರಿಗೆ ಹಿಡಿದುಕೊಂಡು ಖಾತೆಗೆ ಹಾಕುವ ಹಣವೇ ಪೇಔಟ್. ಗೊತ್ತುಪಡಿಸಿದ್ದಕ್ಕಿಂತ ಹೆಚ್ಚು ಜನ ತಂಗಿದರೆ ರಾತ್ರಿಗೆ, ತಲೆಗೆ ಇಷ್ಟೆಂದು ಸೇರುವ ಮೊತ್ತ ಹೆಚ್ಚುವರಿ ಅತಿಥಿ ಶುಲ್ಕ.

ಬೆಂಗಳೂರಿನ ಹೊರವಲಯದಲ್ಲಿ ಈ ಬಾಡಿಗೆಗೆ ಬರುವವರು ಹೆಚ್ಚಾಗಿ ಪ್ರವಾಸಿಗರಲ್ಲ. ವೈಟ್‌ಫೀಲ್ಡಿಗೆ ಐಟಿಪಿಎಲ್ ಸುತ್ತಲಿನ ಕಂಪನಿಗಳ ಕೆಲಸದ ಮೇಲೆ ಬರುತ್ತಾರೆ. ಪೀಣ್ಯದ ಕಡೆಗೆ ಕಾರ್ಖಾನೆಯ ಕೆಲಸಕ್ಕೋ ತುಮಕೂರು ರಸ್ತೆಯ ಮಾದಾವರದಲ್ಲಿ ನಡೆಯುವ ಇಮ್‌ಟೆಕ್ಸ್‌ನಂಥ ಯಂತ್ರೋಪಕರಣ ಮೇಳಕ್ಕೋ ಬರುತ್ತಾರೆ. ನಾಗಸಂದ್ರದಿಂದ ಅಲ್ಲಿಗೆ 2024ರ ನವೆಂಬರ್‌ನಲ್ಲಿ ಮೆಟ್ರೊ ಬಂತು. ಎಲೆಕ್ಟ್ರಾನಿಕ್ ಸಿಟಿಯ ಮಾತು ಬೇರೆ. ಪಕ್ಕದ ಬೊಮ್ಮಸಂದ್ರದ ನಾರಾಯಣ ಹೃದಯಾಲಯಕ್ಕೆ ಬಂಗಾಳ, ಈಶಾನ್ಯ ರಾಜ್ಯಗಳಿಂದಲೂ ರೋಗಿಗಳು ಬರುತ್ತಾರೆ. ರೋಗಿ ಮತ್ತು ಒಬ್ಬ ಅಟೆಂಡರ್ ಎಂದು ಆದ ಬುಕಿಂಗ್, ಆಪರೇಷನ್ ದಿನ ಹತ್ತಿರವಾದಂತೆ ಅಣ್ಣ, ಅತ್ತೆ, ಭಾವ ಎಂದು ಬೆಳೆಯುತ್ತದೆ. ಆ ಹೊತ್ತಿನಲ್ಲಿ ಬಾಗಿಲಲ್ಲಿ ನಿಂತು ತಲೆ ಎಣಿಸಿ ದುಡ್ಡು ಕೇಳುವುದು ಯಾರಿಗೂ ಹಿತವಲ್ಲ. ಹೀಗಾಗಿ ದರವನ್ನು ಜಾಹೀರಾತಿನಲ್ಲೇ ಬರೆದಿಡುವುದು ವ್ಯವಹಾರಕ್ಕೂ ಮರ್ಯಾದೆಗೂ ಒಳ್ಳೆಯದು.

ಏರ್‌ಬಿಎನ್‌ಬಿಯಲ್ಲಿ ಎಷ್ಟು ಜನರ ನಂತರ ಶುಲ್ಕ ಶುರು, ತಲೆಗೆ ಎಷ್ಟು ಎಂಬುದನ್ನು ಹೋಸ್ಟ್ ಮೊದಲೇ ನಮೂದಿಸಬಹುದು. ಎರಡು ವರ್ಷದೊಳಗಿನ ಶಿಶುಗಳು ಲೆಕ್ಕಕ್ಕಿಲ್ಲ. ಬುಕಿಂಗ್ ಆದಮೇಲೆ ಜನ ಹೆಚ್ಚಿದರೆ ಬುಕಿಂಗ್ ಬದಲಾವಣೆಯ ಕೋರಿಕೆ ಕಳಿಸಬೇಕು. ಅತಿಥಿ ಒಪ್ಪಿದರೆ ವ್ಯತ್ಯಾಸದ ಹಣ ವೇದಿಕೆಯ ಮೂಲಕವೇ ಬರುತ್ತದೆ. ತಕರಾರಾದರೆ ಅಪಾರ್ಟ್‌ಮೆಂಟ್ ಗೇಟಿನ ದಾಖಲೆ ನೆರವಿಗೆ ಬರಬಹುದು. ಮನೆಯೊಳಗಿನ ಕ್ಯಾಮೆರಾವನ್ನು ಮಾತ್ರ ಕಂಪನಿ 2024ರ ಏಪ್ರಿಲ್ 30ರಿಂದ ನಿಷೇಧಿಸಿದೆ.

ಹಣ ಸಾಮಾನ್ಯವಾಗಿ ಚೆಕ್-ಇನ್ ಆಗಬೇಕಾದ ಸಮಯದಿಂದ ಸುಮಾರು 24 ಗಂಟೆಯ ನಂತರ ಬಿಡುಗಡೆಯಾಗುತ್ತದೆ. ಬ್ಯಾಂಕಿಗೆ ಮುಟ್ಟಲು ಇನ್ನೂ ಕೆಲವು ದಿನ ಹಿಡಿಯಬಹುದು. 28 ರಾತ್ರಿ ಅಥವಾ ಅದಕ್ಕಿಂತ ಹೆಚ್ಚಿನ ವಾಸಕ್ಕೆ ತಿಂಗಳಿಗೊಮ್ಮೆ ಬರುತ್ತದೆ.

ಒಂದು ಲೆಕ್ಕ: ಇಬ್ಬರಿಗೆ ರಾತ್ರಿಗೆ 2,500 ರೂ., ಮೇಲಿನವರಿಗೆ ತಲೆಗೆ 500 ರೂ. ನಾಲ್ವರು ಮೂರು ರಾತ್ರಿ ಇದ್ದರೆ 10,500 ರೂ. ಹೋಸ್ಟ್ ಶುಲ್ಕ ಶೇ 3 ಎಂದಿಟ್ಟುಕೊಂಡರೆ 315, ಆ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ 56.70, ಶೇ 0.1 ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ಆದಾಯ ತೆರಿಗೆ) 10.50. ಕೈಗೆ ಸಿಗುವುದು 10,117.80 ರೂ. ಹೆಚ್ಚುವರಿ ಅತಿಥಿಯ ಹಣದಿಂದಲೂ ವೇದಿಕೆ ತನ್ನ ಪಾಲು ಹಿಡಿಯುತ್ತದೆ ಎಂಬುದನ್ನು ಹೊಸ ಹೋಸ್ಟ್‌ಗಳು ಮರೆಯುವುದುಂಟು.

ಈ ಟಿಡಿಎಸ್ 1961ರ ಆದಾಯ ತೆರಿಗೆ ಕಾಯ್ದೆಯ 194-ಒ ಕಲಮಿನಡಿ 2020ರ ಅಕ್ಟೋಬರ್‌ನಲ್ಲಿ ಆರಂಭವಾಗಿ, 2024ರ ಅಕ್ಟೋಬರ್‌ನಿಂದ ಶೇ 1ರಿಂದ ಶೇ 0.1ಕ್ಕೆ ಇಳಿಯಿತು. ಪ್ಯಾನ್ ಅಥವಾ ಆಧಾರ್ ಕೊಟ್ಟ ವ್ಯಕ್ತಿಯ ವಾರ್ಷಿಕ ವಹಿವಾಟು 5 ಲಕ್ಷ ರೂ. ದಾಟದಿದ್ದರೆ ಕಡಿತವಿರಲಿಲ್ಲ. ದಿನಕ್ಕೆ 7,500 ರೂ. ವರೆಗಿನ ಕೋಣೆಯ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ ಶೇ 5ಕ್ಕೆ ಬಂತು.

ಹೆಚ್ಚುವರಿ ಹಣವನ್ನು ಯುಪಿಐಯಲ್ಲಿ ನೇರವಾಗಿ ಹಾಕಿಸಿಕೊಳ್ಳುವುದು ಕಡಿತ ತಪ್ಪಿಸುವ ಜಾಣತನದಂತೆ ಕಂಡರೂ ವೇದಿಕೆಯ ನಿಯಮಕ್ಕೆ ವಿರುದ್ಧ, ಅದೂ ಆದಾಯವೇ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿಯೇ ಬೆಂಗಳೂರಿನ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು. ಸೇವೆ ಒದಗಿಸುವವರಿಗೆ ಕರ್ನಾಟಕದಲ್ಲಿ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ ರೂ.

ತಲೆಯೆಣಿಕೆ ಶುಲ್ಕಕ್ಕಷ್ಟೇ ಸಂಬಂಧಿಸಿದ್ದಲ್ಲ. ಬಾಂಗ್ಲಾದೇಶದಂಥ ಕಡೆಯಿಂದ ಚಿಕಿತ್ಸೆಗೆಂದು ಬಂದು ತಂಗುವ ವಿದೇಶಿಯರ ವಿವರವನ್ನು, ಬುಕಿಂಗ್‌ನಲ್ಲಿ ಹೆಸರಿಲ್ಲದ ಸಂಗಡಿಗರದ್ದೂ ಸೇರಿ, 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಕಚೇರಿಗೆ ಆನ್‌ಲೈನ್‌ನಲ್ಲಿ ಸಲ್ಲಿಸುವುದು ಹೋಸ್ಟ್‌ನ ಹೊಣೆ.